ನಿನ್ನಿ ರಾತ್ರಿ ಏನ ಉಂಡ್ರಿ, ಕಲ್ಲವ್ವ

ಪುಣೆಯ ಧನಕವಡಿಯ ಕಲ್ಲವ್ವ ಸೋಮವಾರ ಬೆಳಗ್ಗೆ ಎಂಟೂವರೆಗೆ ತೀರಿಕೊಂಡಳು. ಎಪ್ಪತ್ತೊಂದು ವರ್ಷವಾಗಿತ್ತು. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಸೊಸೆ ಚಹಾ ತಂದಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸುದ್ದಿಯನ್ನು ಬಿಬವೇವಾಡಿಯ ಲೀಲಾಕ್ಷಿಗೆ ಹೇಳಿದವಳು ಸೊಸೆ ಸ್ನೇಹಲ್. ಸಾಸವಡದ ಮರಾಠಿ ಹುಡುಗಿ. ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ಆ ಮಾತು ಮಾತ್ರ ಅವಳಿಗೆ ಮರಾಠಿಯಲ್ಲೇ ಬಂತು. "ಕಾಕೂ, ಆಯಿ ಗೇಲ್ಯಾ," ಎಂದಳು. ಅತ್ತೆ ಹೋದರು ಎಂದು.

ಲೀಲಾಕ್ಷಿ ಹೋದಾಗ ಡಾಕ್ಟರು ಇನ್ನೂ ಅಲ್ಲಿದ್ದರು. ಹೃದಯ ಎಂದರು. ಹಿಂದಿನ ರಾತ್ರಿಯ ಊಟಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ ಎಂದು ಅವಳು ಕೇಳಿದಳು. ಇಲ್ಲ ಎಂದರು. ಮೆಟ್ಟಿಲ ತನಕ ಅವರ ಹಿಂದೆ ಹೋಗಿ ಇನ್ನೊಮ್ಮೆ ಕೇಳಿದಳು. ಆಗಲೂ ಇಲ್ಲ ಎಂದರು.

ಸಾವಿನ ಬಗ್ಗೆ ಹೇಳುವುದು ಇಷ್ಟೇ. ಉಳಿದದ್ದು ಬದುಕಿನ ಮಾತು, ಅದರಲ್ಲಿ ಬಹುಪಾಲು ಊಟದ ಮಾತು.

ಕಲ್ಲವ್ವ ಗುಳೇದಗುಡ್ಡದವಳು. ನಲವತ್ತಾರು ವರ್ಷದ ಹಿಂದೆ ಗಂಡ ಹೊಳಬಸಪ್ಪನ ಜೊತೆ ಪುಣೆಗೆ ಬಂದಳು. ಹೊಳಬಸಪ್ಪ ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ, ಒಂಬತ್ತು ವರ್ಷದ ಹಿಂದೆ ಹೋದ. ಮಗ ಮಾಂತು ತಳೇಗಾಂವದ ಕಾರ್ಖಾನೆಯೊಂದರಲ್ಲಿ ಪಾಳಿ ಮೇಲೆ ದುಡಿಯುತ್ತಾನೆ. ಇಷ್ಟು ವರ್ಷ ಊರಿನಲ್ಲಿದ್ದೂ ಕಲ್ಲವ್ವ ಹೊರಗಡೆ ಚಹಾ ಬಿಟ್ಟು ಬೇರೇನನ್ನೂ ಮುಟ್ಟಿದವಳಲ್ಲ. ಜೇಜುರಿಗೆ ಖಂಡೋಬಾನ ದರ್ಶನಕ್ಕೆ ಹೋದರೂ ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಹೋಟೆಲಿನ ಅನ್ನ ಎಂದರೆ, "ಯಾರಿಗಂತ ಮಾಡ್ಯಾರೋ ಅವರಿಗೇ ಗೊತ್ತಿಲ್ಲ, ಅಂಥಾ ಅನ್ನ ಹೊಟ್ಟಿಯೊಳಗ ಹೋಗಿ ಯಾರನ್ನ ಹುಡುಕಬೇಕ್ರಿ?" ಎನ್ನುತ್ತಿದ್ದಳು.

ಅವಳಿಗೊಂದು ಚಟವಿತ್ತು. ಸ್ವಾರಗೇಟಿನಿಂದ ಕಾತ್ರಜದ ಬಸ್ಸು ಹತ್ತಿದರೆ ಪಕ್ಕದವಳನ್ನು ಕೇಳುತ್ತಿದ್ದ ಮೊದಲ ಮಾತೇ, "ಕಾಲ್ ರಾತ್ರಿ ಕಾಯ್ ಜೇವಲಾತ?" ನಿನ್ನೆ ರಾತ್ರಿ ಏನು ಉಂಡಿರಿ? ಹೆಸರು ಬೇಡ, ಊರು ಬೇಡ. ಮೊದಲು ಬೆಚ್ಚಿದವರೂ ಆಮೇಲೆ ಹೇಳುತ್ತಿದ್ದರು. ಪುಣೆಯ ಜನ ವಿಳಾಸ ಕೇಳಿದರೆ ಬೈಯುತ್ತಾರೆ, ಊಟ ಕೇಳಿದರೆ ಹೇಳುತ್ತಾರೆ ಎನ್ನುವುದು ಅವಳ ಸಂಶೋಧನೆ.

ಒಮ್ಮೆ ಹೊಳಬಸಪ್ಪನ ಪಿಂಚಣಿಯ ಕಾಗದಕ್ಕಾಗಿ ಯಾವುದೋ ಕಚೇರಿಗೆ ಲೀಲಾಕ್ಷಿಯನ್ನು ಕರೆದುಕೊಂಡು ಹೋಗಿದ್ದಳು. ಕಿಟಕಿಯ ಹಿಂದೆ ಕೂತವನು ಮುಖ ಎತ್ತದೆ, ನಾಳೆ ಬನ್ನಿ ಎಂದ. ಕಲ್ಲವ್ವ ಬಗ್ಗಿ, ನಿನ್ನೆ ರಾತ್ರಿ ಏನು ಉಂಡಿರಿ ಎಂದು ಕೇಳಿದಳು. ಅವನು ತಬ್ಬಿಬ್ಬಾಗಿ, "ಪಿಠ್ಲ-ಭಾತ," ಅಂದುಬಿಟ್ಟ. ಕಡಲೆ ಹಿಟ್ಟು ಕದಡಿ ಕುದಿಸಿದ್ದು, ಅನ್ನ. ಕಲ್ಲವ್ವ ಮೆಲ್ಲಗೆ, "ವಹಿನಿ ತವರಿನಿಂದ ಯಾವಾಗ ಬರ್ತಾರೆ?" ಎಂದು ಮರಾಠಿಯಲ್ಲಿ ಕೇಳಿದಳು. ಅವನು ಅವಳನ್ನೂ, ಹಿಂದೆ ನಿಂತ ಲೀಲಾಕ್ಷಿಯನ್ನೂ ನೋಡಿ, ಕಾಗದ ಕೊಡಿ ಎಂದ.

ಹೊರಗೆ ಬಂದ ಮೇಲೆ ಲೀಲಾಕ್ಷಿ, "ನಿಮಗೆ ಹೇಗೆ ಗೊತ್ತಾಯಿತು ಮಾರಾಯ್ರೆ?" ಎಂದಳು.

"ಗಂಡಸು ಒಬ್ಬನ ಪಿಠ್ಲ ಉಂಡಾನ ಅಂದ್ರ ಹೇಂತಿ ಊರಾಗಿಲ್ಲ, ಇಲ್ಲಾ ಮಾತ ಬಿಟ್ಟಾಳ. ಮಾತ ಬಿಟ್ಟಿದ್ರ ಅಂಗಿ ಇಸ್ತ್ರಿ ಇರತಿತ್ತು, ಅವನ ಮಾಡ್ಕೊಂತಿದ್ದ. ಅಂಗಿ ಮುದುಡಿತ್ತು. ತವರಿಗೆ ಹೋಗ್ಯಾಳ, ಮುಂದಿನ ವಾರ ಬರ್ತಾಳಂತ ಧೈರ್ಯದಾಗ ಅದಾನ." ಹೀಗೆ ಹೇಳುವಾಗ ಕಲ್ಲವ್ವ ನಗುತ್ತಿರಲಿಲ್ಲ. ನಗು ಎಲ್ಲ ಮೂಗಿನ ಹೊಳ್ಳೆಯಲ್ಲಿ.

ಅದನ್ನು ಕೇಳಿದ ಲೀಲಾಕ್ಷಿ ಬಸ್ಸು ಬಂತೇ ಎಂದು ನೋಡುವ ನೆಪದಲ್ಲಿ ಮುಖ ತಿರುಗಿಸಿದಳು. ಅವಳಿಗೆ ಮುಚ್ಚಿಡುವ ಸಂಗತಿ ಒಂದಿತ್ತು.

ಲೀಲಾಕ್ಷಿಗೆ ಅಡುಗೆ ಬರುತ್ತಿರಲಿಲ್ಲ.

ಕಾರ್ಕಳದ ಕಡೆಯ ಹಳ್ಳಿಯಿಂದ ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದವಳು. ಗಂಡ ಸದಾನಂದನದು ಸಾತಾರಾ ರಸ್ತೆಯಲ್ಲಿ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಮದುವೆಯಾದ ಮರುದಿನ ಸಂಜೆ ಕೆಳಗಿನಿಂದ ಐದು ಡಬ್ಬಿಯ ಕ್ಯಾರಿಯರ್ ಬಂತು. ಮರುದಿನವೂ ಬಂತು. ಆಮೇಲೆ ಬಿಬವೇವಾಡಿಯಲ್ಲಿ ಫ್ಲ್ಯಾಟ್ ಕೊಂಡರು, ಕ್ಯಾರಿಯರ್ ಅಲ್ಲಿಗೂ ಬಂತು. ಹೋಟೆಲಿನ ಹಿರಿಯ ಅಡುಗೆಯವನು ಮುನಿಸ್ವಾಮಿ ದಿನಾ ರಾತ್ರಿ ಎಂಟಕ್ಕೆ ಸ್ಕೂಟರಿನಲ್ಲಿ ಬಂದು ಕೊಟ್ಟುಹೋಗುತ್ತಿದ್ದ. ಮೂವತ್ತನಾಲ್ಕು ವರ್ಷದಲ್ಲಿ ಲೀಲಾಕ್ಷಿ ಒಲೆ ಹಚ್ಚಿದ್ದು ಚಹಾಕ್ಕೆ, ಮಕ್ಕಳ ಹಾಲಿಗೆ. ಒಮ್ಮೆ ಉಪ್ಪಿಟ್ಟು ಮಾಡುತ್ತೇನೆ ಎಂದಾಗ ಸದಾನಂದ, "ಮುನಿಸ್ವಾಮಿ ಇರುವಾಗ ನಿನಗೆಂತಕ್ಕೆ ಆ ಉಸಾಬರಿ?" ಎಂದಿದ್ದ. ಪ್ರೀತಿಯಿಂದಲೇ ಅಂದದ್ದು. ಅದಕ್ಕೇ ಎದುರಾಡಲು ಆಗಲಿಲ್ಲ.

ಊರಿನವರು ಮಾತ್ರ ಬೇರೆ ತಿಳಿದಿದ್ದರು. ಹೋಟೆಲಿನವರ ಮನೆ ಎಂದ ಮೇಲೆ ಅಡುಗೆಗೆ ಕೇಳಬೇಕೇ. ಕನ್ನಡದ ಹೆಂಗಸರ ಕೂಟವೊಂದರಲ್ಲಿ ಹನ್ನೆರಡು ಜನ ಸೇರಿ, ಅಡುಗೆ ಹಂಚಿಕೊಳ್ಳಲು ಫೋನಿನಲ್ಲಿ ಒಂದು ಗುಂಪು ಮಾಡೋಣ ಎಂದಾಗ ಎಲ್ಲರೂ ತಿರುಗಿ ನೋಡಿದ್ದು ಲೀಲಾಕ್ಷಿಯನ್ನು. ಅವಳು ಬೇಡ ಎಂದಷ್ಟೂ ಅದು ವಿನಯ ಎನ್ನಿಸಿಕೊಂಡಿತು. ಮೂರು ನಿಮಿಷದಲ್ಲಿ ಅವಳು ಗುಂಪಿನ ಅಡ್ಮಿನ್ ಆಗಿದ್ದಳು.

ಹೆಸರಿಟ್ಟವಳು ಕಲ್ಲವ್ವ. "ನಿನ್ನಿ ರಾತ್ರಿ." ಕಾಯಿದೆಯೂ ಅವಳದೇ. ರಾತ್ರಿ ಉಂಡದ್ದನ್ನು ಮರುದಿನ ಬೆಳಗ್ಗೆ ಒಂಬತ್ತರೊಳಗೆ ಚಿತ್ರ ಸಮೇತ ಹಾಕಬೇಕು. ಮನೆಯಲ್ಲೇ ಮಾಡಿದ್ದಾಗಬೇಕು. ಹೊರಗಿನದು ಉಂಡರೆ ಹಾಗೆಂದೇ ಬರೆಯಬೇಕು. ಸುಳ್ಳು ಬರೆದವರು ಗುಂಪಿನಿಂದ ಹೊರಗೆ.

"ಮಧ್ಯಾಹ್ನದ್ದು ಯಾಕೆ ಬೇಡ ಕಲ್ಲವ್ವಾ?" ಎಂದು ನೀತಾ ಕೇಳಿದಳು. ಅವಳು ಗುಂಪಿನಲ್ಲಿ ಚಿಕ್ಕವಳು, ಶಾಲೆಯಲ್ಲಿ ಗಣಿತ ಹೇಳುವವಳು, ಲೆಕ್ಕ ತಾಳೆಯಾಗದಿದ್ದರೆ ಬಿಡುವವಳಲ್ಲ.

"ಹಗಲಿ ಊಟ ಮಂದಿ ಸಲುವಾಗಿ. ಡಬ್ಬಿಗೆ ಕಟ್ಟತೇವಿ, ಬಂದವರಿಗೆ ಬಡಸತೇವಿ. ರಾತ್ರಿ ಬಾಗಲಾ ಹಾಕ್ಕೊಂಡು ಏನ ಉಂತೀವಿ, ಅದು ನಾವು."

ಅವಳು ಆಡಿದ್ದನ್ನು ಪಾಲಿಸುತ್ತಿದ್ದಳು ಕೂಡ. ಬೇರೆಯವರು ಮೊದಮೊದಲು ಪನೀರು, ಪಲಾವು ಎಂದು ತಟ್ಟೆ ಸಿಂಗರಿಸಿ ಹಾಕಿದರೆ ಕಲ್ಲವ್ವನದು ಹೀಗಿರುತ್ತಿತ್ತು: "ನಿನ್ನಿ ರಾತ್ರಿ: ಮೂರು ದಿನದ ಕಟಕ ರೊಟ್ಟಿ ಮುರದು ಒಗ್ಗರಣಿ. ಮಾಂತು ಮಾರಿ ಸೊಟ್ಟ ಮಾಡಿದ. ಉಂಡ." ಇನ್ನೊಂದು ದಿನ: "ನಿನ್ನಿ ರಾತ್ರಿ: ಸೊಸಿ ಮಾಡಿದ ಪಾಲಕ. ಕಣ್ಣ ಮುಚ್ಚಿ ಉಂಡೆ." ಇದು ಎಂಟು ತಿಂಗಳು ನಡೆಯಿತು. ಸ್ನೇಹಲ್‌ಗೆ ಕನ್ನಡದ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅತ್ತೆ ದಿನಾ ಬೆಳಗ್ಗೆ ತನ್ನ ಬಗ್ಗೆ ಏನೋ ಬರೆದು ಹೊಳ್ಳೆ ಅರಳಿಸುತ್ತಾಳೆ ಎನ್ನುವುದು ಮಾತ್ರ ಕಾಣುತ್ತಿತ್ತು. ಅವಳು ಯಾರಿಗೂ ಹೇಳದೆ, ಅಜ್ಜಿಯಿಂದ ಕನ್ನಡ ಕಲಿಯುತ್ತಿದ್ದ ಮಗಳ ಜೊತೆ ಕೂತು ಅಕ್ಷರ ಕಲಿತಳು. ಒಂದು ದಿನ ಗುಂಪಿಗೆ ಹೊಸ ನಂಬರಿನಿಂದ ಮೊದಲ ಸಂದೇಶ ಬಂತು: "ನಿನ್ನೆ ರಾತ್ರಿ: ನಾನು ಮಾಡಿದ ಮೇಥಿ. ಅತ್ತೆ ಕಣ್ಣು ತೆರೆದು ಎರಡು ಸಲ ಹಾಕಿಸಿಕೊಂಡರು."

ಕಲ್ಲವ್ವ ಅದಕ್ಕೆ ಬರೆದ ಉತ್ತರ: "ಖರೇ ಅದ. ಕಾಗುಣಿತಾನೂ ಸರಿ ಅದ."

ಇಂಥ ಗುಂಪಿನಲ್ಲಿ ಲೀಲಾಕ್ಷಿ ದಿನಾ ಬೆಳಗ್ಗೆ ಸುಳ್ಳು ಬರೆಯುತ್ತಿದ್ದಳು. ರಾತ್ರಿ ಕ್ಯಾರಿಯರ್ ಬಿಚ್ಚಿ, ಸಾಂಬಾರು ಪಲ್ಯಗಳನ್ನು ಮನೆಯ ಬಟ್ಟಲಿಗೆ ಬಗ್ಗಿಸಿ, ತಟ್ಟೆಯ ಅಂಚಿಗೆ ಬೇಕೆಂದೇ ಒಂದು ಹನಿ ಚೆಲ್ಲಿ ಚಿತ್ರ ತೆಗೆಯುತ್ತಿದ್ದಳು. ಎಲ್ಲರೂ ಹೊಗಳುತ್ತಿದ್ದರು. ಪಾಕವಿಧಾನ ಕೇಳುತ್ತಿದ್ದರು. ಅವಳು ಬಚ್ಚಲಿಗೆ ಹೋಗಿ ಮುನಿಸ್ವಾಮಿಗೆ ಫೋನು ಮಾಡುತ್ತಿದ್ದಳು. ಅವನಿಗೆ ನೂರು ಜನರ ಅಳತೆ ಬಿಟ್ಟು ಬೇರೆ ಗೊತ್ತಿಲ್ಲ. ಅವಳು ಅದನ್ನು ಇಪ್ಪತ್ತೈದರಿಂದ ಭಾಗಿಸಿ ಬರೆಯುತ್ತಿದ್ದಳು. ಒಂದು ದಿನ ಸಾರಿನ ಬೇಳೆ, ಹುಣಸೆ, ಮೆಣಸು ಎಲ್ಲ ಭಾಗಿಸಿದಳು, ಇಂಗನ್ನು ಮರೆತಳು. ನೀತಾ ಬರೆದದ್ದನ್ನು ಬರೆದಂತೆ ಮಾಡುವವಳು. ನಾಲ್ಕು ಜನರ ಸಾರಿಗೆ ಐವತ್ತು ಗ್ರಾಂ ಇಂಗು ಹಾಕಿದಳು. ಅವರ ಮನೆಯಲ್ಲಿ ನಾಲ್ಕು ದಿನ ಕಿಟಕಿ ಮುಚ್ಚಲಿಲ್ಲ. ಕೆಳಗಿನ ಮನೆಯವರು ಗ್ಯಾಸ್ ಸೋರುತ್ತಿದೆ ಎಂದು ದೂರು ಕೊಟ್ಟರು.

ಅವಸರದಲ್ಲಿ ತಪ್ಪಾಯಿತು ಎಂದು ಲೀಲಾಕ್ಷಿ ಬರೆದಳು. ಕಲ್ಲವ್ವ ಏನೂ ಬರೆಯಲಿಲ್ಲ. ಅದೇ ಭಯ.

ಅವಳನ್ನು ಹಿಡಿದುಕೊಟ್ಟದ್ದು ಉಪವಾಸ. ಹೋಟೆಲಿಗೆ ಸೋಮವಾರ ರಜೆ, ಅಂದು ಕ್ಯಾರಿಯರ್ ಇಲ್ಲ. ಗಂಡ ಹೆಂಡತಿ ಬ್ರೆಡ್ಡು ಬಾಳೆಹಣ್ಣು ತಿಂದು ಮಲಗುತ್ತಿದ್ದರು. ಹಾಗಾಗಿ ಮಂಗಳವಾರ ಬೆಳಗ್ಗೆ ಲೀಲಾಕ್ಷಿ, "ನಿನ್ನೆ ರಾತ್ರಿ: ಸೋಮವಾರದ ಉಪವಾಸ, ಫಲಾಹಾರ," ಎಂದು ಬರೆಯುತ್ತಿದ್ದಳು. ಶಿವಭಕ್ತೆ ಎಂದು ಹೆಸರೂ ಬಂತು. ವರ್ಷದ ಮೇಲೆ ಸದಾನಂದ, ವ್ಯಾಪಾರಕ್ಕೆ ಅನುಕೂಲ ಎಂದು ರಜೆಯನ್ನು ಮಂಗಳವಾರಕ್ಕೆ ಬದಲಿಸಿದ. ಆ ವಾರದಿಂದ ಲೀಲಾಕ್ಷಿ ಮಂಗಳವಾರ ಉಪವಾಸ ಮಾಡತೊಡಗಿದಳು. ಪುಣೆಯಲ್ಲಿ ಮಂಗಳವಾರ ಗಣಪತಿಯದು, ಯಾರಿಗೂ ಸಂಶಯ ಬರಲಿಕ್ಕಿಲ್ಲ ಎಂದುಕೊಂಡಳು.

ಬುಧವಾರ ಬೆಳಗ್ಗೆ ಕಲ್ಲವ್ವನಿಂದ, ಗುಂಪಿಗಲ್ಲ, ಅವಳಿಗೊಬ್ಬಳಿಗೇ ಸಂದೇಶ ಬಂತು: "ಅಪ್ಪನ್ನ ಬಿಟ್ಟು ಮಗನ ಕಡೆ ಹೋದ್ರೇನ್ರಿ? ಹೋಟೆಲ್ ಬಾಗಲದ ಬೋರ್ಡನೂ ಬದಲ ಆಗೇದ, ನೋಡಿ ಬಂದೆ."

ಲೀಲಾಕ್ಷಿ ಅಂದು ಊಟ ಮಾಡಲಿಲ್ಲ. ನಿಜವಾಗಿಯೂ ಉಪವಾಸವಾಯಿತು. ಗುಂಪಿನಿಂದ ಹೊರಹಾಕುತ್ತಾರೆ ಎನ್ನುವುದಕ್ಕಿಂತ, ಎರಡು ವರ್ಷ ಅಕ್ಕಾ ಅಕ್ಕಾ ಎಂದು ಕೇಳಿ ಬರೆದುಕೊಂಡ ಹನ್ನೆರಡು ಹೆಂಗಸರ ಮುಂದೆ ಮುಖ ಎತ್ತುವುದು ಹೇಗೆ ಎನ್ನುವುದು ಅವಳನ್ನು ಕಾಡಿತು. ಅದರ ಅಡಿಯಲ್ಲಿ ಇನ್ನೊಂದು ಸಂಕಟವಿತ್ತು, ಹಳೆಯದು. ವಯಸ್ಸು ಐವತ್ತಮೂರಾಯಿತು, ತನ್ನ ಕೈಯಡುಗೆ ಉಂಡು ಎದ್ದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೂ ಇಲ್ಲ.

ಮರುದಿನ ಗುಂಪಿನಲ್ಲಿ ಕಲ್ಲವ್ವ ಬರೆದಳು: "ಗುಂಪಿಗೆ ಎರಡು ವರ್ಷ ಆತು. ಬರೇ ಫೋಟೋ ನೋಡಿ ಕಣ್ಣ ತುಂಬ್ಯಾವ, ಹೊಟ್ಟಿ ತುಂಬಿಲ್ಲ. ಎರಡು ತಿಂಗಳ ಬಿಟ್ಟು ಅಡ್ಮಿನ್ ಮನ್ಯಾಗ ಎಲ್ಲಾರಿಗೂ ರಾತ್ರಿ ಊಟ. ಅಡ್ಮಿನ್ ಕೈಯಿಂದನ." ಹನ್ನೊಂದು ಹೆಬ್ಬೆರಳುಗಳು ಮೇಲೆದ್ದವು.

ಅದೇ ಮಧ್ಯಾಹ್ನ ಮೂರಕ್ಕೆ ಲೀಲಾಕ್ಷಿಯ ಮನೆಯ ಗಂಟೆ ಸದ್ದಾಯಿತು. ಬಾಗಿಲಲ್ಲಿ ಕಲ್ಲವ್ವ. ಕೈಯಲ್ಲಿ ಗೋಣಿಚೀಲ, ಅದರಲ್ಲಿ ಕಾಲು ಕಿಲೋ ಬೀನ್ಸು, ಒಂದು ಈಳಿಗೆ ಮಣೆ.

"ಯಾಕೆ ಹೀಗೆ ಮಾಡಿದಿರಿ ಕಲ್ಲವ್ವಾ?" ಎಂದಳು ಲೀಲಾಕ್ಷಿ. "ಹೇಳುವುದಿದ್ದರೆ ಎಲ್ಲರಿಗೂ ಹೇಳಿಬಿಡಿ. ಈ ಆಟ ಯಾಕೆ?"

"ಒಳಗ ಕರೀರಿ ಮೊದಲ. ಬಾಗಲದಾಗ ನಿಂತು ಬೀನ್ಸ್ ಹೆಚ್ಚಾಕ ಬರೂದಿಲ್ಲ."

ಅಡುಗೆಮನೆಗೆ ಬಂದು ನಿಂತು ಕಲ್ಲವ್ವ ಸುತ್ತ ನೋಡಿದಳು. ಒಲೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಲಿನ ಚಿಮಣಿಗೆ ಅಂಗಡಿಯವರು ಸುತ್ತಿದ್ದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು. ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು.

"ಭಾಳ ಸ್ವಚ್ಛ ಇಟ್ಟೀರಿ," ಎಂದಳು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಮೊದಲ ದಿನಾನ ಗೊತ್ತಿತ್ರಿ. ನಿಮ್ಮ ಫೋಟೋದಾಗಿನ ಬೀನ್ಸ್ ಎಲ್ಲಾ ಒಂದ ಅಳತಿ. ಮನ್ಯಾಗ ಇಬ್ಬರಿಗೆ ಹೆಚ್ಚಾಕಿ ಟೀವಿ ನೋಡಕೋತ ಹೆಚ್ಚತಾಳ, ಒಂದು ಗಿಡ್ಡ ಒಂದು ಉದ್ದ. ಹತ್ತು ಕಿಲೋ ಹೆಚ್ಚಾಂವಗ ಟೀವಿ ಇರೂದಿಲ್ಲ. ಇಂಗಿನ ಮ್ಯಾಲೆ ಗಟ್ಟಿ ಆತು. ಉಪವಾಸದ ಮ್ಯಾಲೆ ನಿಮ್ಮ ಬಗ್ಗೆ ಕೆಟ್ಟ ಅನಿಸ್ತು. ದೇವರನ್ನ ನಡುವ ತರಬಾರದಾಗಿತ್ತು."

"ಎರಡು ವರ್ಷ ಸುಮ್ಮನಿದ್ದಿರಲ್ಲ."

"ಸುಳ್ಳ ಹೇಳಾವರು ಬಿಡಸಿ ಬಿಡಸಿ ಚಂದ ಬರೀತಾರ. ಓದಾಕ ಛಲೋ ಇತ್ತು." ಮಣೆಯನ್ನು ನೆಲಕ್ಕಿಟ್ಟು ಕಲ್ಲವ್ವ ಕೂತಳು. "ಈಗ ಎರಡು ತಿಂಗಳ ಅದಾವು. ನಿಮ್ಮ ಅವ್ವ ಏನ ಮಾಡತಿದ್ರು ರಾತ್ರಿಗೆ?"

ಲೀಲಾಕ್ಷಿ ಒಲೆಯ ಕಟ್ಟೆಗೆ ಒರಗಿ ನಿಂತಳು. "ಬಸಳೆ ಹುಳಿ," ಎಂದಳು.

"ಹೆಂಗ ಮಾಡೂದು?"

"ನನಗೆ ಗೊತ್ತಿದ್ದರೆ ನಾನು ಇಲ್ಲಿ ಹೀಗೆ ನಿಲ್ಲುತ್ತಿದ್ದೆನಾ?"

"ನನಗೂ ಗೊತ್ತಿಲ್ಲ. ಬಸಳಿ ನಾ ಬಳ್ಳಿ ಮ್ಯಾಲ ನೋಡೇನಿ, ಗಂಗಾಳದಾಗ ನೋಡಿಲ್ಲ," ಎಂದಳು ಕಲ್ಲವ್ವ. "ಹಂಗಾರ ಇಬ್ಬರೂ ಕೂಡೇ ಕೆಡಿಸೋಣು."

ಎರಡು ತಿಂಗಳು ಕೆಡಿಸಿದರು. ವಾರಕ್ಕೆ ನಾಲ್ಕು ದಿನ, ಮೂರರಿಂದ ಐದು. ಸದಾನಂದ ಆ ಹೊತ್ತಿಗೆ ಹೋಟೆಲಿನಲ್ಲಿರುತ್ತಿದ್ದ. ಕಲ್ಲವ್ವನಿಗೆ ಕೈ ಗೊತ್ತು, ರುಚಿ ಗೊತ್ತಿಲ್ಲ. ಲೀಲಾಕ್ಷಿಗೆ ನಾಲಿಗೆಯಲ್ಲಿ ತಾಯಿಯ ರುಚಿ ಇತ್ತು, ಕೈ ಇರಲಿಲ್ಲ. ಬಿಬವೇವಾಡಿಯಲ್ಲಿ ಮಂಗಳೂರಿನ ಸಾಮಾನು ಮಾರುವವನ ಹತ್ತಿರ ವಾರಕ್ಕೊಮ್ಮೆ ಬಸಳೆ ಬರುತ್ತಿತ್ತು. ಸಾಲದೆ ಬಂದಾಗ ಕಲ್ಲವ್ವ, ಪಕ್ಕದ ಸೊಸೈಟಿಯ ಶೆಟ್ಟರ ಬಾಲ್ಕನಿಯಿಂದ ಹೊರಗೆ ಇಳಿಬಿದ್ದ ಬಳ್ಳಿಯನ್ನು ಛತ್ರಿಯ ಕೊಕ್ಕೆಯಿಂದ ಎಳೆದು ತರುತ್ತಿದ್ದಳು. ಕಾವಲುಗಾರ ಕೇಳಿದರೆ ಅವನಿಗೆ ನಿನ್ನೆ ರಾತ್ರಿಯ ಊಟ ಕೇಳುವಳು.

ಮೊದಲ ಸಲ ತೆಂಗಿನಕಾಯಿ ಅರೆದದ್ದು ಹೆಚ್ಚು ಕುದಿದು ಒಡೆಯಿತು. ಎರಡನೆಯ ಸಲ ಕಡ್ಡಿ ಬೇಯಲಿಲ್ಲ, ಎಲೆ ಕರಗಿ ಹೋಯಿತು. ಮೂರನೆಯ ಸಲ ಲೀಲಾಕ್ಷಿ ಬಾಯಿಗಿಟ್ಟು, "ಅಮ್ಮನದು ಹೀಗಿರಲಿಲ್ಲ," ಎಂದು ಅತ್ತಳು. ಕಲ್ಲವ್ವ ಸಾಂತ್ವನ ಹೇಳಲಿಲ್ಲ. "ಅಳೂದ ಆದ್ರ ಆ ಕಡೆ ನಿಂತು ಅಳ್ರಿ, ಇದರಾಗ ಉಪ್ಪ ಆಗಲೇ ಹಾಕೇನಿ," ಎಂದಳು. ಆರನೆಯ ವಾರದಲ್ಲಿ ಕೊತ್ತಂಬರಿಯನ್ನು ಹುರಿಯುವಾಗ ಎಣ್ಣೆ ಕಡಿಮೆ ಮಾಡಿದರು, ಬೆಳ್ಳುಳ್ಳಿಯನ್ನು ಕೊನೆಗೆ ಜಜ್ಜಿ ಹಾಕಿದರು, ಮನೆ ತುಂಬ ಕಾರ್ಕಳದ ವಾಸನೆ ಬಂತು. ಚಿಮಣಿಯ ಪ್ಲಾಸ್ಟಿಕ್ಕನ್ನು ಅಂದೇ ಕಿತ್ತರು.

ಈ ಎರಡು ತಿಂಗಳಲ್ಲಿ ಕಲ್ಲವ್ವ ಒಂದು ಹಟ ಹಿಡಿದಿದ್ದಳು. ಚಮಚದ ತುದಿಯಲ್ಲಿ ಉಪ್ಪು ನೋಡುತ್ತಿದ್ದಳು, ಅಷ್ಟೇ. ಊಟ ಮಾಡಿಹೋಗಿ ಎಂದರೆ, "ಇದು ಸಾಲಿ ಪಾಠ. ಪರೀಕ್ಷಾ ದಿನ ಉಂತೀನಿ, ಎಲ್ಲಾರ ಜೋಡಿ ಕೂತು, ಎಲಿ ಹಾಕಿಸಿಕೊಂಡು," ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಲೀಲಾಕ್ಷಿ ಊಟದ ಭಾನುವಾರವನ್ನು ಕಾದಳು. ಉಳಿದ ಹನ್ನೊಂದು ಜನ ಏನೆಂದರೂ ಸರಿ, ಕಲ್ಲವ್ವ ಉಂಡು ಏನನ್ನುತ್ತಾಳೋ ಅದು.

ಭಾನುವಾರ ಬೆಳಗ್ಗೆ ಗಂಡನಿಗೆ ಹೇಳಿದಳು, "ಇವತ್ತು ಕ್ಯಾರಿಯರ್ ಕಳಿಸಬೇಡಿ. ಹನ್ನೆರಡು ಜನ ಬರುತ್ತಾರೆ, ನಾನೇ ಮಾಡುತ್ತೇನೆ."

ಸದಾನಂದ ಪೇಪರಿನಿಂದ ತಲೆ ಎತ್ತಿ, "ಎಂತ?" ಎಂದ. ಎರಡನೆಯ ಸಲ ಹೇಳಿದ ಮೇಲೆ, "ಆಯಿತು, ಮುನಿಸ್ವಾಮಿಗೆ ಹೇಳುತ್ತೇನೆ," ಎಂದ. ಹೇಳಿದ ಕೂಡ.

ಏಳಕ್ಕೆ ಹೆಂಗಸರು ಬರತೊಡಗಿದರು. ಕಲ್ಲವ್ವ ಇಳಕಲ್ಲ ಸೀರೆ ಉಟ್ಟು, ಸ್ನೇಹಲ್ ಜೊತೆ ಬಂದು ಸೋಫಾದ ತುದಿಯಲ್ಲಿ ಮದುಮಗಳ ಕಡೆಯವಳಂತೆ ಕೂತಳು. ಅಡುಗೆಮನೆಯತ್ತ ಒಮ್ಮೆಯೂ ನೋಡಲಿಲ್ಲ. ನೀತಾ ಮಾತ್ರ ನೇರ ಒಳಗೆ ಹೋಗಿ, ಅಗಲ ಬಾಯಿಯ ಪಾತ್ರೆಯ ಮುಚ್ಚಳ ತೆಗೆದು, ಹಬೆಯಲ್ಲಿ ಮುಖ ಇಟ್ಟು, "ಇಂಗು ಎಷ್ಟು ಹಾಕಿದಿರಿ ಅಕ್ಕಾ?" ಎಂದಳು.

"ಇದಕ್ಕೆ ಇಂಗು ಇಲ್ಲ," ಎಂದಳು ಲೀಲಾಕ್ಷಿ. ಗೊತ್ತಿದ್ದು ಉತ್ತರ ಕೊಡುವುದು ಎಷ್ಟು ಸುಖ ಎಂದು ಅವಳಿಗೆ ಆಗ ತಿಳಿಯಿತು.

ಎಂಟಕ್ಕೆ ಎಲೆ ಹಾಕಿದರು. ಅನ್ನ ಬಂತು, ಹಪ್ಪಳ ಬಂತು. ಲೀಲಾಕ್ಷಿ ಹುಳಿಯ ಪಾತ್ರೆಯನ್ನು ಎತ್ತಿಕೊಂಡು ಹೊರಬಂದಳು. ಆಗ ಬಾಗಿಲ ಗಂಟೆ ಸದ್ದಾಯಿತು.

ಬಾಗಿಲ ಹತ್ತಿರ ಕೂತಿದ್ದವಳು ಸ್ನೇಹಲ್, ಎದ್ದು ತೆಗೆದಳು. ಹೊಸ್ತಿಲಲ್ಲಿ ಮುನಿಸ್ವಾಮಿ ನಿಂತಿದ್ದ. ಒಂದು ಕೈಯಲ್ಲಿ ದಿನದ ಐದು ಡಬ್ಬಿಯ ಕ್ಯಾರಿಯರ್, ಇನ್ನೊಂದು ಕೈಯಲ್ಲಿ ಮದುವೆ ಮನೆಗೆ ಕೊಡುವಷ್ಟು ದೊಡ್ಡದು. ಅರುವತ್ತರ ಮನುಷ್ಯ, ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಮುಖದಲ್ಲಿ ಯಾರನ್ನೋ ನೀರಿನಿಂದ ಎತ್ತಲು ಬಂದವನ ಕಳೆ.

"ಅಮ್ಮಾ," ಎಂದ, "ಧಣಿ ಬೇಡ ಅಂದ್ರು. ಹನ್ನೆರಡು ಜನ ಅಂದ್ರು. ನನ್ನ ಮನಸ್ಸು ತಡೀಲಿಲ್ಲ. ನಿಮಗೆ ಎಲ್ಲಿ..."

ಹನ್ನೆರಡು ತಲೆಗಳು ತಿರುಗಿದವು. ಮುನಿಸ್ವಾಮಿ ಇನ್ನು ಮೂರು ಶಬ್ದ ಆಡಿದರೆ ಎರಡು ವರ್ಷ, ಎರಡು ತಿಂಗಳು, ಎಲ್ಲ ಆ ಎಲೆಗಳ ಮೇಲೆ ಬೀಳುತ್ತಿತ್ತು.

"ಬಂತೇನಪಾ ನಂದು?" ಎಂದಳು ಕಲ್ಲವ್ವ. ಎದ್ದೇ ಬಿಟ್ಟಿದ್ದಳು. ಎಪ್ಪತ್ತೊಂದರ ಮೊಣಕಾಲು ಹಿಡಿದು ಅಷ್ಟು ಬೇಗ ಎದ್ದದ್ದನ್ನು ಯಾರೂ ನೋಡಿರಲಿಲ್ಲ. "ಏಳಕ್ಕ ತಾ ಅಂದಿದ್ದೆ, ಎಂಟ ಮಾಡಿದಿ. ಇಲ್ಲಿ ಕೊಡು."

ಮುನಿಸ್ವಾಮಿ ಅವಳನ್ನು ನೋಡಿದ, ಲೀಲಾಕ್ಷಿಯನ್ನು ನೋಡಿದ, ಅವಳ ಕೈಯ ಪಾತ್ರೆಯನ್ನು ನೋಡಿದ. ಮೂವತ್ತು ವರ್ಷ ಗಿರಾಕಿಗಳನ್ನು ಕಂಡ ಮನುಷ್ಯ. "ತಡ ಆಯ್ತು, ಅಮ್ಮಾ," ಎಂದು ಎರಡೂ ಕ್ಯಾರಿಯರ್ ಅವಳ ಕೈಗಿಟ್ಟ.

"ನೀವು ಹೋಟೆಲಿನದು ಉಣ್ಣುತ್ತೀರಾ ಕಲ್ಲವ್ವಾ?" ಎಂದಳು ನೀತಾ.

"ಡಾಕ್ಟರು ಬಸಳಿ ತಿನಬ್ಯಾಡ ಅಂದಾರವ್ವಾ. ಹೊಟ್ಟ್ಯಾಗ ಹಳ್ಳು ಆಗೇದಂತ."

"ಯಾವಾಗಿನಿಂದ?"

"ಮುಂಜಾನಿಂದ."

"ಇಷ್ಟು ದೊಡ್ಡದಾ, ಒಬ್ಬರಿಗೆ?"

"ನೀ ಗಣಿತದ ಟೀಚರ ಅದಿ, ನನ್ನ ಹೊಟ್ಟಿ ಅಳತಿ ನಿನ್ನ ಪುಸ್ತಕದಾಗಿಲ್ಲ. ಸರಿ, ಎಲಿ ಮುಂದ ಕೂಡು."

ಸ್ನೇಹಲ್ ಬಾಯಿ ತೆರೆದಳು. ಅತ್ತೆಯ ಹೊಟ್ಟೆಯಲ್ಲಿ ಯಾವ ಹರಳೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಕಲ್ಲವ್ವ ಅವಳ ಕಡೆ ಒಮ್ಮೆ ನೋಡಿದಳು. ಸ್ನೇಹಲ್ ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡಳು.

ಹಾಗೆ ಹನ್ನೊಂದು ಹೆಂಗಸರು ಲೀಲಾಕ್ಷಿಯ ಬಸಳೆ ಹುಳಿ ಉಂಡರು. ಕಲ್ಲವ್ವ ನಡುವೆ ಕೂತು, ನಲವತ್ತಾರು ವರ್ಷದಲ್ಲಿ ಮೊದಲ ಸಲ, ಹೋಟೆಲಿನ ಚಪಾತಿ, ಹೋಟೆಲಿನ ಪಲ್ಯ, ಹೋಟೆಲಿನ ಸಾಂಬಾರು ಉಂಡಳು. ಪಲ್ಯ ಬೀನ್ಸಿನದು. ಒಂದು ತುಂಡನ್ನು ಬೆರಳಿನಲ್ಲಿ ಹಿಡಿದು, ಇನ್ನೊಂದರ ಪಕ್ಕಕ್ಕಿಟ್ಟು ಅಳತೆ ನೋಡಿ, ಲೀಲಾಕ್ಷಿಯತ್ತ ಹೊಳ್ಳೆ ಅರಳಿಸಿ ಬಾಯಿಗೆ ಹಾಕಿಕೊಂಡಳು. ಪಕ್ಕದ ಎಲೆಯವಳು ಬಸಳೆಯ ಕಡ್ಡಿ ಚೀಪುವ ಸದ್ದು ಕೇಳಿದಾಗ ಮಾತ್ರ ಕಲ್ಲವ್ವನ ಕೈ ಒಂದು ಗಳಿಗೆ ನಿಂತಿತು.

ಎಲ್ಲರೂ ಎರಡು ಸಲ ಹಾಕಿಸಿಕೊಂಡರು. ಕೆಲವರು ಮೂರು ಸಲ. ಸದಾನಂದ ಒಂಬತ್ತಕ್ಕೆ ಬಂದವನು, ಹೆಂಗಸರ ನಡುವೆ ಹೇಗೆ ಎಂದು ಅಡುಗೆಮನೆಯಲ್ಲೇ ನಿಂತು ಒಂದು ಬಟ್ಟಲು ಉಂಡ. ಬಟ್ಟಲನ್ನು ತಾನೇ ತೊಳೆದ. ಕೈ ಒರೆಸಿಕೊಳ್ಳುತ್ತ, "ನಮ್ಮ ಊರಲ್ಲಿ ಇದನ್ನು ಮರುದಿನ ಬೆಳಗ್ಗೆ ದೋಸೆಗೆ ಹಾಕಿಕೊಳ್ಳುತ್ತಿದ್ದರು," ಎಂದ.

ಹೊರಡುವ ಗದ್ದಲದಲ್ಲಿ ಕಲ್ಲವ್ವ "ನೀರ ಕುಡದು ಬರ್ತೀನಿ" ಎಂದು ಒಳಗೆ ಹೋದಳು. ಲೀಲಾಕ್ಷಿ ಬಾಗಿಲಲ್ಲಿ ಎಲ್ಲರಿಗೂ ಕುಂಕುಮ ಕೊಡುತ್ತಿದ್ದಳು. ಎಲ್ಲರೂ ಹೊಗಳಿದರು. ನೀತಾ ಅಳತೆ ಬರೆದುಕೊಂಡಳು, ನಾಲ್ಕು ಜನರದು ಎಂದು ಎರಡು ಸಲ ಕೇಳಿ. ಕೊನೆಗೆ ಕಲ್ಲವ್ವ ಬಂದಳು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. ಉಳಿದ ಕ್ಯಾರಿಯರನ್ನು ಸ್ನೇಹಲ್ ಹೊತ್ತಿದ್ದಳು, ಮಾಂತುವಿನ ಪಾಳಿಗೆ.

"ಹೇಗಿತ್ತು?" ಎಂದಳು ಲೀಲಾಕ್ಷಿ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

"ನನಗೇನ ಗೊತ್ತವ್ವಾ? ನಾ ನಿಮ್ಮ ಗಂಡನ ಹೋಟೆಲ್‌ದು ಉಂಡಾಕಿ," ಎಂದು ಕಲ್ಲವ್ವ ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲಿಗೂ ಕಟಕಟೆ ಹಿಡಿದು, ನಿಧಾನವಾಗಿ.

ಲೀಲಾಕ್ಷಿ ಒಳಗೆ ಬಂದು ಪಾತ್ರೆ ನೋಡಿದಳು. ಕಲ್ಲವ್ವನಿಗೆಂದು ಒಂದು ಸೌಟು ತೆಗೆದಿಟ್ಟರೆ ನಾಳೆ ಕೊಟ್ಟುಬರಬಹುದು ಎಂದುಕೊಂಡಿದ್ದಳು. ಪಾತ್ರೆ ಖಾಲಿಯಾಗಿತ್ತು. ಅಷ್ಟು ಜನ ಉಂಡ ಮೇಲೆ ಉಳಿದೀತು ಹೇಗೆ. ಅದನ್ನು ನೀರಿಗೆ ಹಾಕಿ ಮಲಗಿದಳು. ಊಟ ಗೆದ್ದಿತ್ತು, ಆದರೂ ನಿದ್ದೆ ಬೇಗ ಬರಲಿಲ್ಲ.

ಬೆಳಗ್ಗೆ ಮೊದಲು ಫೋನು ಬಂದದ್ದು ಸ್ನೇಹಲ್‌ದು. ಗುಂಪನ್ನು ಲೀಲಾಕ್ಷಿ ನೋಡಿದ್ದು ಮಧ್ಯಾಹ್ನ, ಎಲ್ಲ ಮುಗಿಸಿ, ತಲೆಗೆ ನೀರು ಹಾಕಿಕೊಂಡು ಬಂದ ಮೇಲೆ. ಕಲ್ಲವ್ವ ಎಂಟು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಬರೆದಿದ್ದಳು. ಚಹಾದ ಬಸಿ ಪಕ್ಕದಲ್ಲಿ, ಫೋನು ತೊಡೆಯ ಮೇಲೆ. ಕಾಯಿದೆಯಂತೆ ಚಿತ್ರವೂ ಇತ್ತು. ಲೀಲಾಕ್ಷಿಯ ಅಡುಗೆಮನೆಯಲ್ಲಿ, ಹಿಂದಿನ ರಾತ್ರಿ, ಯಾರೂ ಇಲ್ಲದ ಹೊತ್ತಿನಲ್ಲಿ ತೆಗೆದದ್ದು. ಅಗಲ ಬಾಯಿಯ ಖಾಲಿ ಪಾತ್ರೆ, ಅದರ ತಳದಲ್ಲಿ ನಾಲ್ಕು ಬೆರಳು ಬಳಿದ ಗೆರೆ. ಕೆಳಗೆ ಹೀಗಿತ್ತು:

"ನಿನ್ನಿ ರಾತ್ರಿ: ಮೊದಲ ಹೋಟೆಲ್ ಊಟ, ಮಂದಿ ಮುಂದ. ಆಮ್ಯಾಲ ಲೀಲಾಕ್ಷಿ ಮಾಡಿದ ಬಸಳಿ ಹುಳಿ, ಕದ್ದು, ಫೋಟೋದಾಗ ಕಾಣೂವಷ್ಟು. ಎರಡನೇದ್ದು ಊಟ."